ನೂರು ರೂಪಾಯಿ ಕೇಳಿದರೆ ಭಿಕ್ಷೆಯಾ?

2023ರ ವಿಧಾನಸಭೆ ಚುನಾವಣೆಗೆ ನನ್ನ ಹಾಸ್ಟೆಲ್ ಗೆಳೆಯನೊಬ್ಬ ಊರಲ್ಲಿ ಪಕ್ಷೇತರನಾಗಿ ನಿಂತಿದ್ದ. "ತಲಾ ನೂರು ರೂಪಾಯಿ ಕೊಡ್ರೋ" ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಖಾತೆ ನಂಬರು ಹಾಕಿದ. ಬಂದ ಮೊದಲ ಉತ್ತರ: "ದುಡ್ಡಿಲ್ಲದೋನು ಎಲೆಕ್ಷನ್ನಿಗೆ ಯಾಕೆ ನಿಲ್ಬೇಕು ಗುರೂ, ಭಿಕ್ಷೆ ಎತ್ತೋಕಾ?" ಅದಕ್ಕೆ ಹದಿನೇಳು ಜನರ ನಗುಮುಖ.

ಅಲ್ಲ ಸ್ವಾಮಿ, ಹಾಗಾದರೆ ದುಡ್ಡಿರೋರು ಮಾತ್ರ ನಿಲ್ಲಲಿ ಅಂತ ತಾನೇ ಅರ್ಥ? ಆಮೇಲೆ ಆಫೀಸಿನಲ್ಲಿ ಕಾಫಿ ಕುಡೀತಾ "ಎಲ್ಲಾ ರಿಯಲ್ ಎಸ್ಟೇಟ್ ಕುಳಗಳೇ ಶಾಸಕರಾಗ್ತಾರೆ" ಅಂತ ಗೊಣಗೋರೂ ಇವರೇ. ಗೆದ್ದವನು ಯಾರ ಉಪ್ಪು ತಿಂದಿರುತ್ತಾನೋ ಅವರ ಕೆಲಸ ಮೊದಲು ಮಾಡ್ತಾನೆ. ಸಾವಿರ ಜನರ ಹಂಗಿಗಿಂತ ಒಬ್ಬ ಕ್ವಾರಿ ಮಾಲೀಕನ ಹಂಗು ವಾಸಿಯಾ? ನೀವೇ ಹೇಳಿ.

1952ರಲ್ಲಿ ಗೆದ್ದು ಬಂದ ಶಾಂತವೇರಿ ಗೋಪಾಲಗೌಡರ ಹತ್ತಿರ ಯಾವ ಗಂಟಿತ್ತು? "ಒಂದು ವೋಟು, ಒಂದು ನೋಟು" ಅನ್ನೋದು ನಮ್ಮ ಸಮಾಜವಾದಿಗಳು, ರೈತಸಂಘದವರು ಊರೂರಲ್ಲಿ ಹೇಳಿದ ಮಾತು. ಈಗಲೂ ನೋಟು ಓಡಾಡುತ್ತೆ ಬಿಡಿ, ದಿಕ್ಕು ಮಾತ್ರ ಉಲ್ಟಾ... ಅಭ್ಯರ್ಥಿಯಿಂದ ಮತದಾರನ ಕಡೆಗೆ!

ಕಾನೂನೂ ಇಂಥವನ ಕಡೆಗಿಲ್ಲ. ನಮ್ಮ ರಾಜ್ಯದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿಯನ್ನು 2022ರಲ್ಲಿ 28 ಲಕ್ಷದಿಂದ 40 ಲಕ್ಷಕ್ಕೆ ಏರಿಸಿದರು. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. 1974ರಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅವನ ಲೆಕ್ಕಕ್ಕೇ ಸೇರಬೇಕು ಅಂದಿತ್ತು. ಅದೇ ವರ್ಷ ಕೇಂದ್ರ ಸರಕಾರ ಕಾಯ್ದೆಯನ್ನೇ ತಿದ್ದಿ ತೀರ್ಪನ್ನು ಮೂಲೆಗೆ ತಳ್ಳಿತು. ಪಕ್ಷಕ್ಕೆ ನೀವು ಚೆಕ್ಕಿನಲ್ಲಿ ಕೊಟ್ಟ ದೇಣಿಗೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಇದೆ, ಪಕ್ಷೇತರನಿಗೆ ಕೊಟ್ಟಿದ್ದಕ್ಕೆ ಸೊನ್ನೆ. 2018ರಲ್ಲಿ ಬಂದ ಚುನಾವಣಾ ಬಾಂಡಿನಲ್ಲಂತೂ ಕೊಟ್ಟವರ ಹೆಸರೇ ಜನರಿಗೆ ಗೊತ್ತಾಗುತ್ತಿರಲಿಲ್ಲ. 2024ರ ಫೆಬ್ರವರಿಯಲ್ಲಿ ಕೋರ್ಟು ಅದನ್ನು ರದ್ದು ಮಾಡಬೇಕಾಯಿತು. ಅದಕ್ಕೆ ಯಾರೂ ಭಿಕ್ಷೆ ಅನ್ನಲಿಲ್ಲ ನೋಡಿ!

ನನ್ನ ಗೆಳೆಯ ಸೋತ. ಆರನೇ ಒಂದು ಭಾಗ ಮತವೂ ಬರದೆ ಹತ್ತು ಸಾವಿರ ಠೇವಣಿ ಹೋಯಿತು. ಫಲಿತಾಂಶ ಬಂದ 30 ದಿನದೊಳಗೆ ಆಯೋಗಕ್ಕೆ ಲೆಕ್ಕ ಕೊಡಬೇಕು. ಕೊಟ್ಟ, ಯಾರೂ ಕೇಳದಿದ್ದರೂ ಒಂದು ಪ್ರತಿ ನಮ್ಮ ಗುಂಪಿಗೂ ಹಾಕಿದ. ಆಟೋ ಬಾಡಿಗೆ, ಮೈಕು, ಕರಪತ್ರ, ಹುಡುಗರಿಗೆ ಚಿತ್ರಾನ್ನ. ನಾನು ಕೊಟ್ಟಿದ್ದು ಐನೂರು, ಅದೂ ನಾಲ್ಕು ದಿನ ಯೋಚನೆ ಮಾಡಿ. (ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ.)

2028ಕ್ಕೆ ಮತ್ತೆ ನಿಲ್ತೀನಿ ಅಂತಿದ್ದಾನೆ. ನಗುಮುಖ ಹಾಕಿದ ಹದಿನೇಳು ಜನರ ಪಟ್ಟಿ ನನ್ನ ಹತ್ತಿರ ಇದೆ. ಈ ಸಲ ಕೇಳೋಕೆ ಬರೋದು ನಾನು.