ಅಳಿಸುವ ಪುಸ್ತಕ ಮಕ್ಕಳಿಗೆ ಕೊಡಬೇಕಾ?

ಎಲೆಕ್ಟ್ರಾನಿಕ್ ಸಿಟಿಯಿಂದ ಒಬ್ಬ ಅಮ್ಮ ಮೆಸೇಜ್ ಮಾಡಿದ್ರು. ಮಗನಿಗೆ ಹನ್ನೊಂದು. ಗೆಳೆಯನ ಹತ್ತಿರ ತಂದ ಇಂಗ್ಲಿಷ್ ಕಾದಂಬರಿ ಓದಿ ಮುಗಿಸಿ, ರಾತ್ರಿ ಬಾತ್‌ರೂಮಿನ ಬಾಗಿಲು ಹಾಕ್ಕೊಂಡು ಅತ್ತನಂತೆ. ಇವರು ಪುಸ್ತಕ ಕಿತ್ಕೊಂಡು ಬೀರುವಿನ ಮೇಲೆ ಇಟ್ಟಿದ್ದಾರೆ. "ಸ್ಕೂಲು, ಟ್ಯೂಷನ್ನು ಅಂತ ಇರೋ ಟೆನ್ಷನ್ ಸಾಲದಾ? ಕತೆ ಓದಿನೂ ಅಳಬೇಕಾ?" ಅನ್ನೋದು ಪ್ರಶ್ನೆ.

ಆ ಪುಸ್ತಕ 'ಬ್ರಿಡ್ಜ್ ಟು ಟೆರಬಿಥಿಯಾ'. 1977ರದ್ದು. ಕ್ಯಾಥರೀನ್ ಪ್ಯಾಟರ್ಸನ್ ಅದನ್ನು ಸುಮ್ಮನೆ ಅಳಿಸೋಕೆ ಅಂತ ಬರೆದದ್ದಲ್ಲ. ಅವರ ಪುಟ್ಟ ಮಗನ ಜೀವದ ಗೆಳತಿ ಸಿಡಿಲು ಬಡಿದು ತೀರಿಕೊಂಡಳು. ಮಗನಿಗೆ ಏನು ಹೇಳಬೇಕು ಅಂತ ತೋಚದ ತಾಯಿ ಕಾದಂಬರಿ ಬರೆಯೋಕೆ ಕೂತರು. ಅಂದ್ರೆ ಅದು ಇನ್ನೊಬ್ಬ ಅಮ್ಮನ ಒದ್ದಾಟವೇ.

ಇನ್ನೊಂದು ವಿಷಯ. ನಾವು ಮೂರು ವರ್ಷದ ಮಗುವನ್ನು ತೊಡೆ ಮೇಲೆ ಕೂರಿಸ್ಕೊಂಡು ಯೂಟ್ಯೂಬಿನಲ್ಲಿ ಪುಣ್ಯಕೋಟಿ ತೋರಿಸ್ತೀವಿ. ತಾಯಿ ಹಸು ಸಾಯೋಕೆ ಅಂತ ಹೊರಡುತ್ತೆ, ಕರುವನ್ನು ಅಕ್ಕಪಕ್ಕದವರ ಕೈಗೆ ಒಪ್ಪಿಸುತ್ತೆ, ಕೊನೆಗೆ ಹುಲಿ ಪ್ರಾಣ ಬಿಡುತ್ತೆ. ಇದಕ್ಕಿಂತ ಭಾರದ ಕತೆ ಯಾವುದಿದೆ ಹೇಳಿ? ಆಗ ನಮಗೇನೂ ಅನ್ನಿಸಲ್ಲ. ಅದೇ ಮಗು ಐದನೇ ಕ್ಲಾಸಿಗೆ ಬಂದು, ಒಬ್ಬನೇ ಕೂತು ಓದಿ ಅತ್ತರೆ ಮಾತ್ರ ಗಾಬರಿ. ಮಗು ಅಳೋದು ನಮಗೆ ಹೊಸದಲ್ಲ. ನಮ್ಮನ್ನು ಬಿಟ್ಟು ಅಳ್ತಿದೆಯಲ್ಲ, ಹೆದರಿಕೆ ಅದು.

ನನಗೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ನಮ್ಮತ್ತೆ ಊರಲ್ಲಿ ತೀರಿಕೊಂಡ್ರು. ಮಗಳಿಗೆ ಆಗ ಒಂಬತ್ತು, ಪರೀಕ್ಷೆ ಇತ್ತು. ಕಾಡುಗೋಡಿಯಲ್ಲಿ ಅಕ್ಕನ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಹೋಗಿ ಬಂದ್ವಿ. ವಾಪಸು ಬಂದಾಗ ಅವಳು ಏನೂ ಕೇಳಲಿಲ್ಲ. "ಎಷ್ಟು ಮೆಚ್ಯೂರ್ ಆಗಿ ತಗೊಂಡ್ಳು" ಅಂತ ನಾವು ಹೆಮ್ಮೆ ಬೇರೆ ಪಟ್ವಿ.

ಒಂದು ವರ್ಷ ಆದ ಮೇಲೆ ಇಬ್ಬರೂ ಸೇರಿ 'ತೊತ್ತೊ-ಚಾನ್' ಓದ್ತಿದ್ವಿ. ತೆತ್ಸುಕೊ ಕುರೊಯಾನಗಿ ಎರಡನೇ ಮಹಾಯುದ್ಧದ ಹೊತ್ತಿನ ಟೋಕಿಯೋದಲ್ಲಿನ ತಮ್ಮ ಬಾಲ್ಯದ ಬಗ್ಗೆ ಬರೆದದ್ದು. ಕಾದಂಬರಿ ಅನ್ನೋ ಹಾಗಿಲ್ಲ, ಆದ್ರೆ ಕಾದಂಬರಿ ಥರವೇ ಓದಿಸಿಕೊಳ್ಳುತ್ತೆ. ರೈಲು ಡಬ್ಬಿಯಲ್ಲಿ ನಡೆಯೋ ಶಾಲೆ, ತುಂಟ ಹುಡುಗಿ, ಒಳ್ಳೆ ಹೆಡ್‌ಮಾಸ್ಟರು, ಎಲ್ಲರಿಗೂ ಅಷ್ಟೇ ನೆನಪಿರುತ್ತೆ. ಅದರಲ್ಲಿ ಯಾಸುಅಕಿ ಅಂತ ಪೋಲಿಯೋ ಆದ ಹುಡುಗ ಇದ್ದಾನೆ. ಅವನನ್ನು ಏಣಿ ಇಟ್ಟು ಮರ ಹತ್ತಿಸೋಕೆ ಪುಟ್ಟ ತೊತ್ತೊ ಬೆವರು ಹರಿಸ್ತಾಳೆ. ಆಮೇಲೊಂದು ದಿನ ಅವನು ಸತ್ತ ಅಂತ ಸುದ್ದಿ. ಶಾಲೆಯ ಮಕ್ಕಳೆಲ್ಲ ನಡ್ಕೊಂಡು ಹೋಗಿ ಅವನಿಗೆ ಹೂವು ಇಟ್ಟು ಬರ್ತಾರೆ. ಅವನು ಓದೋಕೆ ಕೊಟ್ಟಿದ್ದ ಪುಸ್ತಕ ಇವಳ ಹತ್ತಿರವೇ ಉಳಿಯುತ್ತೆ.

ಅಲ್ಲಿಗೆ ನಿಲ್ಲಿಸಿದ ಮಗಳು, "ಅವರನ್ನೆಲ್ಲ ಕರ್ಕೊಂಡು ಹೋದ್ರಲ್ವಾ, ನನ್ನನ್ನ ಯಾಕೆ ಅಜ್ಜಿ ನೋಡೋಕೆ ಕರ್ಕೊಂಡು ಹೋಗ್ಲಿಲ್ಲ?" ಅಂದ್ಳು. ಅಜ್ಜಿಯ ಕುಂಕುಮದ ಡಬ್ಬಿ ತನ್ನ ಜಾಮೆಟ್ರಿ ಬಾಕ್ಸಿನಲ್ಲಿದೆ ಅಂತಲೂ ಅವತ್ತೇ ಹೇಳಿದ್ಳು. ಒಂದು ವರ್ಷ ಅದನ್ನು ಸ್ಕೂಲಿಗೆ ಹೊತ್ಕೊಂಡು ಹೋಗ್ತಿದ್ಳು ಅಂತ ನಮಗೆ ಗೊತ್ತೇ ಇರಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ, ತಪ್ಪಾಯ್ತು ಅಂದೆ. ಅವತ್ತಿಂದ ನಾನು ಈ ಪುಸ್ತಕಗಳ ಪರ.

ಹಾಗಂತ ಸಿಕ್ಕಿದ್ದೆಲ್ಲ ಕೊಡೋದಲ್ಲ. ನಾನು ಮೊದಲು ಕೊಡೋದು 'ಸಿಂಪ್ಲಿ ನಂಜು'. ಝೈನಬ್ ಸುಲೈಮಾನ್ ಬರೆದದ್ದು. ನಂಜೇಗೌಡ ಅನ್ನೋ ಹುಡುಗ, ಬೆನ್ನುಹುರಿಯ ತೊಂದರೆ, ನಡಿಗೆ ಸರಿ ಇಲ್ಲ. ಅಂಗವೈಕಲ್ಯ ಇರೋ ಮಕ್ಕಳ ಶಾಲೆ. ಕ್ಲಾಸಿನ ಜಾಣೆಯ ಪುಸ್ತಕಗಳು ಕಾಣೆಯಾಗುತ್ವೆ, ಅನುಮಾನ ಇವನ ಮೇಲೆ. ಅಯ್ಯೋ ಪಾಪ ಅನ್ನಿಸೋ ಪುಸ್ತಕ ಅಲ್ಲ, ನಗು ಜಾಸ್ತಿ. ನಗ್ತಾ ನಗ್ತಾ ಒಂದು ಕಡೆ ಗಂಟಲು ಕಟ್ಟುತ್ತೆ. ಒಂಬತ್ತು ದಾಟಿದ ಯಾರಿಗಾದ್ರೂ ಕೊಡಬಹುದು.

ಹನ್ನೊಂದು ಹನ್ನೆರಡರವರಿಗೆ ವೀರಾ ಹಿರಾನಂದಾನಿ ಅವರ 'ದಿ ನೈಟ್ ಡೈರಿ', 2018ರದ್ದು. 1947ರಲ್ಲಿ ಮೀರ್‌ಪುರ್ ಖಾಸ್ ಬಿಟ್ಟು ಹೊರಡೋ ನಿಶಾ, ತಾನು ನೋಡಿಯೇ ಇಲ್ಲದ ತಾಯಿಗೆ ದಿನಾ ಕಾಗದ ಬರೀತಾಳೆ. ಅಪ್ಪ ಹಿಂದೂ, ತಾಯಿ ಮುಸ್ಲಿಂ. ಹಾಗಾದ್ರೆ ತಾನು ಯಾವ ಕಡೆ? ಒಡಿಶಾ, ಬಿಹಾರ, ಕೇರಳ, ಕಲಬುರಗಿ ಅಂತ ಎಲ್ಲೆಲ್ಲಿಂದಲೋ ಬಂದವರೇ ತುಂಬಿರೋ ವೈಟ್‌ಫೀಲ್ಡಿನ ಮಕ್ಕಳಿಗೆ ಮನೆ ಬಿಟ್ಟು ಬರೋದು ಅಂದ್ರೇನು ಅಂತ ವಿವರಿಸಬೇಕಾಗಿಲ್ಲ.

ಪ್ಯಾಟ್ರಿಕ್ ನೆಸ್ ಅವರ 'ಎ ಮಾನ್‌ಸ್ಟರ್ ಕಾಲ್ಸ್' ಬಗ್ಗೆ ಮಾತ್ರ ಎಚ್ಚರ. ಅಮ್ಮನಿಗೆ ಕ್ಯಾನ್ಸರ್, ಮಗ ಒಳಗೊಳಗೇ ಒಂದು ನಿಜ ಮುಚ್ಚಿಟ್ಕೊಂಡಿದ್ದಾನೆ. ಇದರ ಯೋಚನೆ ಹುಟ್ಟಿದ್ದು ಶಿವಾನ್ ಡೌಡ್ ಅನ್ನೋ ಲೇಖಕಿಗೆ. ಅವರು 2007ರಲ್ಲಿ ಕ್ಯಾನ್ಸರಿನಿಂದಲೇ ಹೋದ ಮೇಲೆ ನೆಸ್ ಬರೆದು ಮುಗಿಸಿದರು. ಅದ್ಭುತ ಪುಸ್ತಕ. ಆದ್ರೆ ಮನೆಯಲ್ಲಿ ಯಾರಿಗಾದ್ರೂ ಈಗ ಕೀಮೋ ನಡೀತಿದ್ರೆ, ನೀವು ಓದದೆ ಕೊಡಲೇಬೇಡಿ.

ಕನ್ನಡದಲ್ಲಿ? ಎಲ್ಲರ ಕಂಪ್ಲೇಂಟೂ ಒಂದೇ, ಮಕ್ಕಳಿಗೆ ಕನ್ನಡ ಓದೋಕೆ ಸ್ಪೀಡ್ ಇಲ್ಲ ಅಂತ. ಹಾಗಾದ್ರೆ ನೀವು ಓದಿ, ಅವರು ಕೇಳಲಿ. ಬೊಳುವಾರು ಮಹಮದ್ ಕುಂಞಿ ಅವರು ಗಾಂಧಿಯ ಬಗ್ಗೆ ಮಕ್ಕಳಿಗೆ ಬರೆದ ಪುಸ್ತಕಕ್ಕೆ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಬಂತು. ಆಮೇಲೆ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' ಇವಕ್ಕೂ ಬಂದಿದೆ. ಆ ಪಟ್ಟಿ ಹಿಡ್ಕೊಂಡು ಹುಡುಕಿದ್ರೆ ಸಾಕು. 'ತೊತ್ತೊ-ಚಾನ್' ಕೂಡ ಕನ್ನಡದಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನಿಂದ ಬಂದಿದೆ. ಕಾರಂತರ 'ಚೋಮನ ದುಡಿ' ಕೊಡಬಹುದಾ ಅಂತ ಕೆಲವರು ಕೇಳ್ತಾರೆ. ನನ್ನ ಪ್ರಕಾರ ಹದಿನಾಲ್ಕರ ತನಕ ಕಾಯಿರಿ. ಹೆದರಿಕೆಯಿಂದಲ್ಲ. ಅಲ್ಲಿನ ಸಾವುಗಳಿಗಿಂತ ಜಾತಿಯ ಲೆಕ್ಕ ಅರ್ಥ ಆಗೋದು ಮುಖ್ಯ, ಅದಕ್ಕೆ ಸ್ವಲ್ಪ ವಯಸ್ಸು ಬೇಕು.

ಓದಿ ಮುಗಿಸಿದ ಕೂಡಲೇ "ಇದರಿಂದ ಏನು ಕಲಿತೆ?" ಅಂತ ದಯವಿಟ್ಟು ಕೇಳಬೇಡಿ. ಅರ್ಧಕ್ಕೆ ಬಿಟ್ಟರೆ ಬಿಡಲಿ. ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿರಿ, ಮಾತು ಬಂದರೆ ಬರುತ್ತೆ.

ಇನ್ನು ಎಲೆಕ್ಟ್ರಾನಿಕ್ ಸಿಟಿಯ ಆ ಅಮ್ಮನಿಗೆ: ಬೀರುವಿನ ಮೇಲಿಂದ ಪುಸ್ತಕ ಇಳಿಸಿ, ಮೊದಲು ನೀವೇ ಓದಿ. ಚಿಕ್ಕದು, ಹಳದಿ ಮೆಟ್ರೊದಲ್ಲಿ ಆರ್.ವಿ. ರಸ್ತೆಗೆ ನಾಲ್ಕೈದು ಸಲ ಓಡಾಡೋದ್ರೊಳಗೆ ಮುಗಿಯುತ್ತೆ. ಕೊನೆಯ ಕಾಲು ಭಾಗ ಮಾತ್ರ ಮೆಟ್ರೊದಲ್ಲಿ ಬೇಡ, ಮನೆಗೆ ಬಂದು ಓದಿ. ಮಗನಿಗೂ ಗೊತ್ತಾಗೋ ಹಾಗೆ.