ಹಿರಿಯರ ದನಿ ದಾಖಲಿಸಲು ದುಡ್ಡಿಗೆ ಕಾಯಬೇಕಿಲ್ಲ

ಮಲೆನಾಡಿನ ಪರಿಸರ ಹೋರಾಟಗಳು ಕಾಗದದ ಮೇಲೆ ಉಳಿಸಿಹೋದ ಗುರುತು ತೀರ ಕಡಿಮೆ. ಮನವಿಪತ್ರಗಳಿವೆ, ಪತ್ರಿಕಾ ತುಣುಕುಗಳಿವೆ. ಆದರೆ ಮರವನ್ನು ಅಪ್ಪಿ ನಿಂತವರ, ಮುಳುಗಡೆಯಾಗಿ ಗಂಟುಮೂಟೆ ಕಟ್ಟಿದವರ ಮಾತು ಅವರವರ ನೆನಪಿನಲ್ಲೇ ಇದೆ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅಂದು ಹದಿನೈದರ ಹರೆಯದಲ್ಲಿದ್ದವರಿಗೆ ಇಂದು ಎಪ್ಪತ್ತೈದು ದಾಟಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಅಪ್ಪಿಕೋ ಆರಂಭವಾದಾಗ ನಲವತ್ತರ ಪ್ರಾಯದವರಾಗಿದ್ದವರು ಎಂಬತ್ತನ್ನು ಮೀರಿದ್ದಾರೆ. ಪ್ರತಿ ಮಳೆಗಾಲ ಕಳೆದಂತೆ ಈ ಸಾಲು ಕಿರಿದಾಗುತ್ತಿದೆ.

ಇದು ಕೇವಲ ಭಾವನೆಯ ಪ್ರಶ್ನೆಯಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಅಷ್ಟು ಹಳೆಯ ಕಾಗದಪತ್ರ ಯಾವ ಬಡ ಸಾಗುವಳಿದಾರನ ಮನೆಯಲ್ಲಿದ್ದೀತು? ಇದನ್ನರಿತೇ 2008ರ ನಿಯಮಗಳು, ಹಕ್ಕುದಾರರಲ್ಲದ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯಗಳ ಪಟ್ಟಿಯಲ್ಲಿ ಸೇರಿಸಿವೆ. ಆದರೆ ಅದು ಬರಹಕ್ಕೆ ಇಳಿದಿರಬೇಕು. ಹೇಳಬಲ್ಲವರು ಹೋದ ಮೇಲೆ ಬರೆದುಕೊಳ್ಳುವುದೇನನ್ನು?

ಪರಿಸರ ಪರಿಣಾಮದ ಅಹವಾಲು ಸಭೆಗಳ ಸ್ಥಿತಿಯೂ ಇಂಥದೇ. 2006ರ ಅಧಿಸೂಚನೆಯ ಪ್ರಕಾರ ಸಭೆಯ ಕಲಾಪವನ್ನೆಲ್ಲ ಮಾಲಿನ್ಯ ನಿಯಂತ್ರಣ ಮಂಡಳಿ ಚಿತ್ರೀಕರಿಸಬೇಕು. ಒಳ್ಳೆಯದೇ. ಆದರೆ ನೂರಾರು ಜನರ ಗದ್ದಲದ ನಡುವೆ ಒಬ್ಬ ರೈತನಿಗೆ ಸಿಗುವುದು ಕೆಲವೇ ನಿಮಿಷ. ತನ್ನ ಹಳ್ಳದ ನೀರು, ತೋಟದ ತೇವ, ಬೆಟ್ಟದ ಸೊಪ್ಪಿನ ಲೆಕ್ಕವನ್ನು ಅಷ್ಟರಲ್ಲಿ ಹೇಳಿ ಮುಗಿಸಲಾಗದು. 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್‌ನಂತಹ ಯೋಜನೆಗಳು ಬಾಗಿಲಿಗೆ ಬಂದಾಗ, ಕಣಿವೆಯ ಜನರ ಸಾವಕಾಶದ ಮಾತು ನಮ್ಮ ಬಳಿ ಮೊದಲೇ ಸಿದ್ಧವಾಗಿರಬೇಕು.

ಆದ್ದರಿಂದ ಸಂದರ್ಶನಗಳ ಒಂದು ವಿಡಿಯೊ ಸರಣಿ ಮತ್ತು ಪಾಡ್‌ಕಾಸ್ಟ್ ನಮ್ಮದೇ ಆಗಬೇಕೆಂಬ ಸಲಹೆಯನ್ನು ನಾನು ಪೂರ್ಣ ಮನಸ್ಸಿನಿಂದ ಬೆಂಬಲಿಸುತ್ತೇನೆ. ಆದರೆ ‘ಒಳ್ಳೆಯ ಕ್ಯಾಮೆರಾ ಬರಲಿ, ಅನುದಾನ ಬರಲಿ, ಆಮೇಲೆ ನೋಡೋಣ’ ಎಂಬ ಮಾತನ್ನು ಒಪ್ಪಲಾರೆ. ಡ್ರೋನ್ ಹಾರಿಸಿ ಕಾಡಿನ ಚೆಲುವನ್ನು ತೋರಿಸುವ ಚಿತ್ರಗಳಿಗೆ ಕೊರತೆಯಿಲ್ಲ. ಕಾಡಿನಲ್ಲಿ ಬದುಕಿದವರ ಮಾತಿಗೆ ಕೊರತೆಯಿದೆ.

ನನ್ನ ಸಲಹೆ ಇಷ್ಟೇ: ದನಿ ಮೊದಲು, ದೃಶ್ಯ ಬೇಕಾದಲ್ಲಿ ಮಾತ್ರ. ಒಂದು ಗಂಟೆಯ ಮಾತನ್ನು ಸಾಧಾರಣ ಗುಣಮಟ್ಟದ ಎಂಪಿ3 ಕಡತವಾಗಿಸಿದರೆ ಅದು 30 ಎಂಬಿಯೊಳಗೆ ಮುಗಿಯುತ್ತದೆ. ಅಷ್ಟೇ ಹೊತ್ತಿನ ವಿಡಿಯೊ ಮೊಬೈಲಿನಲ್ಲಿ ಐದಾರು ಜಿಬಿಯನ್ನಾದರೂ ನುಂಗುತ್ತದೆ. ಗುಡ್ಡ ಹತ್ತಿದರಷ್ಟೇ ಸಿಗ್ನಲ್ ಸಿಗುವ ಊರುಗಳಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಧ್ವನಿಯ ಕಡತವನ್ನು ಪೇಟೆಯಲ್ಲಿ ಇಳಿಸಿಕೊಂಡು ಮೆಮೊರಿ ಕಾರ್ಡಿನಲ್ಲಿ ಮನೆಮನೆಗೆ ಹಂಚಬಹುದು. ಅಡಿಕೆ ಸುಲಿಯುವಾಗ, ಸೊಪ್ಪು ಹೊರುವಾಗ ಕೇಳಬಹುದು. ಕ್ಯಾಮೆರಾ ಕಂಡೊಡನೆ ಹೊಸ ಸೀರೆ ಉಟ್ಟು ಮಾತು ಮರೆಯುವ ಅಜ್ಜಿಯೂ ಸಣ್ಣ ಮೈಕಿನ ಮುಂದೆ ಸಲೀಸಾಗಿ ಮಾತನಾಡುತ್ತಾರೆ.

ಹಾಗೆಂದು ವಿಡಿಯೊ ಬೇಡವೆಂದಲ್ಲ. ಮಳೆಯಿಂದ ಅಡಿಕೆ ಗೊನೆಯನ್ನು ಕಾಪಾಡಲು ಕರಡದ ಕೊಟ್ಟೆ ಹೆಣೆಯುವ ಬೆರಳುಗಳನ್ನು ಮಾತಿನಲ್ಲಿ ವರ್ಣಿಸಲಾಗದು. ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕವನ್ನು ದನಿಯೇ ಹೇಳೀತು. ಆದರೆ ಮರದ ತುದಿಯಲ್ಲಿ ಜೋತು, ಗಾಳಿ ನೋಡಿ ಗೊನೆಗೆ ಮದ್ದು ಹೊಡೆಯುವ ಕೊನೆಗೌಡನ ಕೌಶಲವನ್ನು ಕಣ್ಣೇ ಕಾಣಬೇಕು. ಅಂಥಲ್ಲಿ ಐದು ನಿಮಿಷದ ಚಿತ್ರ ಸಾಕು.

ಇದಕ್ಕೆ ಬೇಕಾದ ಸಲಕರಣೆಗಳೆಂದರೆ ಕೈಯಲ್ಲಿರುವ ಮೊಬೈಲು, ಅಂಗಿಗೆ ಸಿಕ್ಕಿಸುವ ತಂತಿಯ ಮೈಕು, ಮೂರು ಕಾಲಿನ ಸ್ಟ್ಯಾಂಡು, ಮೆಮೊರಿ ಕಾರ್ಡು ಮತ್ತು ಎರಡು ಹಾರ್ಡ್ ಡಿಸ್ಕು. ಧ್ವನಿ ಸಂಕಲನಕ್ಕೆ ಆಡಾಸಿಟಿ, ವಿಡಿಯೊ ಸಂಕಲನಕ್ಕೆ ಶಾಟ್‌ಕಟ್ ಎಂಬ ಉಚಿತ ತಂತ್ರಾಂಶಗಳಿವೆ. ಹಂಚಿನ ಮಾಡಿನ ಮೇಲಿನ ಮಳೆ, ಸಂಜೆಯ ಜೀರುಂಡೆ, ಪಕ್ಕದ ಮನೆಯ ಮಿಕ್ಸಿ ಇವು ಮೈಕಿನ ಶತ್ರುಗಳು. ಬೆಳಗಿನ ಹೊತ್ತು, ಬಟ್ಟೆಬರೆ ತುಂಬಿದ ಒಳಕೋಣೆಯಲ್ಲಿ ಕೂತರೆ ಸ್ಟುಡಿಯೊ ಇಲ್ಲದ ಕೊರತೆ ಬಹುಪಾಲು ನೀಗುತ್ತದೆ. ವಿಡಿಯೊಗೆ ಜಗಲಿಯ ಬೆಳಕೇ ಸಾಕು.

ನಿಜವಾದ ವೆಚ್ಚ ಯಂತ್ರದ್ದಲ್ಲ, ಶ್ರಮದ್ದು. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕೈದು ಗಂಟೆಯಾದರೂ ಬೇಕು. ನಮ್ಮ ಕಿರುನಿಧಿಯ ಮುಖ್ಯಪಾಲು ಈ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ, ಮತ್ತು ದಿನದ ದುಡಿಮೆ ಬಿಟ್ಟು ನಮ್ಮೊಡನೆ ಕೂರುವ ಕೂಲಿಯವರಿಗೆ ಸಲ್ಲಬೇಕು. ಅವರ ಸಮಯವನ್ನು ಪುಕ್ಕಟೆ ಪಡೆದು ‘ಕಡಿಮೆ ವೆಚ್ಚ’ವೆಂದು ಬೀಗುವುದು ನ್ಯಾಯವಲ್ಲ.

ಯಾರನ್ನು ಕೇಳಬೇಕು? ತೋಟದ ಯಜಮಾನರನ್ನಷ್ಟೇ ಕೇಳಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ನೆರೆಗೆ ಬಗ್ಗದ ನೆರೆಗೂಳಿ, ಅಘನಾಶಿನಿ ಅಳಿವೆಯ ಉಪ್ಪುನೀರನ್ನೂ ತಾಳಿಕೊಳ್ಳುವ ಕಗ್ಗ, ಈ ಭತ್ತಗಳ ಗುಣ ಬಲ್ಲವರು ಅದನ್ನು ನಟ್ಟು, ಕೊಯ್ದು, ಕುಟ್ಟಿದ ಹೆಂಗಸರು. ಅವರ ಆಡುಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ಒಂದು ಪದ ಹೋದರೆ ಅದರೊಂದಿಗೆ ಒಂದು ತಳಿಯ, ಒಂದು ಸೊಪ್ಪಿನ ಗುರುತೂ ಹೋಗಬಹುದು.

ಹೇಗೆ ಕೇಳಬೇಕು? ‘ಹಿಂದೆ ಕಾಡು ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ. ‘ಈ ಹಳ್ಳ ಯುಗಾದಿಯವರೆಗೆ ಹರಿದದ್ದನ್ನು ಕೊನೆಯ ಬಾರಿ ಕಂಡದ್ದು ಯಾವಾಗ?’ ಎಂದು ಕೇಳಿ. ಇಸವಿ ನೆನಪಿಲ್ಲದಿದ್ದರೆ ಊರಿನ ಘಟನೆಗಳಿಗೆ ಜೋಡಿಸಿ: ಲಿಂಗನಮಕ್ಕಿ ತುಂಬುವ ಮೊದಲೋ, 1974ರ ಭೂಸುಧಾರಣಾ ತಿದ್ದುಪಡಿಯ ನಂತರವೋ, ತುರ್ತುಪರಿಸ್ಥಿತಿಯ ಹೊತ್ತಿಗೋ? ಹೀಗೆ ನಾಲ್ಕು ಮನೆಗಳಲ್ಲಿ ಕೇಳಿ ತಾಳೆ ನೋಡಿದರೆ ನೆನಪು ಮಾಹಿತಿಯಾಗುತ್ತದೆ. ಕೃಷಿ ವಿಜ್ಞಾನಿಯಾಗಿ ಹೇಳುತ್ತೇನೆ: ಮಳೆಮಾಪಕವಿಲ್ಲದ ಕಣಿವೆಗಳಲ್ಲಿ ಇದಕ್ಕಿಂತ ಉತ್ತಮ ದಾಖಲೆ ನಮಗೆ ದೊರೆಯದು.

ಒಂದು ಎಚ್ಚರಿಕೆ ಅಗತ್ಯ. ‘ನಮ್ಮ ಗುಟ್ಟನ್ನೆಲ್ಲ ಜಗತ್ತಿಗೆ ಹೇಳಿ ಕಳೆದುಕೊಳ್ಳುವುದೇಕೆ?’ ಎಂಬ ಹಿರಿಯರ ಆತಂಕ ಹುಸಿಯಲ್ಲ. ಗಾಯ ಮಾಯಿಸುವ ಅರಿಶಿನದ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಬರಹಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬರಹವಿದ್ದುದರಿಂದಲೇ ರಕ್ಷಣೆ ಸಾಧ್ಯವಾಯಿತೆಂಬುದನ್ನು ಗಮನಿಸಬೇಕು. ಆದರೆ ಅಪರೂಪದ ಮದ್ದಿನ ಗಿಡವೋ ಒಳ್ಳೆಯ ಅಪ್ಪೆಮಿಡಿಯ ಮರವೋ ಇರುವ ಜಾಗವನ್ನು ಬಹಿರಂಗಪಡಿಸಿದರೆ ಕೊಡಲಿ ಹಿಡಿದವರೂ ಬಂದಾರು. ಆದ್ದರಿಂದ ಮಾತನ್ನು ಮೂರಾಗಿ ವಿಂಗಡಿಸೋಣ: ಎಲ್ಲರಿಗೂ ತೆರೆದದ್ದು, ಊರಿಗಷ್ಟೇ ಸೀಮಿತವಾದದ್ದು, ಹೇಳಿದವರ ಅನುಮತಿಯಿಲ್ಲದೆ ತೆರೆಯದ್ದು. ಯಾವುದು ಯಾವ ಗುಂಪಿಗೆಂದು ತೀರ್ಮಾನಿಸುವವರು ಹೇಳಿದವರೇ. ಧ್ವನಿಮುದ್ರಣವನ್ನು ಮೊದಲು ಅವರಿಗೇ ಕೇಳಿಸಿ, ಒಪ್ಪಿಗೆ ಪಡೆದ ನಂತರವೇ ಹೊರಗೆ ಬಿಡಬೇಕು. ಮೂಲಪ್ರತಿ ಯೂಟ್ಯೂಬಿನಲ್ಲಷ್ಟೇ ಇದ್ದರೆ ಸಾಲದು. ಒಂದು ಊರಿನಲ್ಲಿ, ಒಂದು ನಮ್ಮ ಕಚೇರಿಯಲ್ಲಿ ಇರಲಿ.

ಇದೆಲ್ಲ ಹಳ್ಳಿಗರಿಂದಾದೀತೇ ಎನ್ನುವವರಿಗೆ ಉದಾಹರಣೆಗಳಿವೆ. 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಟ್ಟಿತು. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’, ಸಮುದಾಯ ಬಾನುಲಿಗೆ ಪರವಾನಗಿ ಸಿಗದಿದ್ದ ಕಾಲದಲ್ಲಿ ಕೇಬಲ್ ಮೂಲಕವೇ ಮನೆಗಳಿಗೆ ಕಾರ್ಯಕ್ರಮ ತಲುಪಿಸಿತು. ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ತಾವೇ ಕ್ಯಾಮೆರಾ ಹಿಡಿದು, 2008ರಿಂದ ಸಂಗಮ್ ರೇಡಿಯೊ ನಡೆಸಿದರು. ಅವರಿಗೆ ಆಗಿನ ಯಂತ್ರಗಳಲ್ಲಿ ಸಾಧ್ಯವಾದದ್ದು ನಮ್ಮ ಜೇಬಿನಲ್ಲಿರುವ ಯಂತ್ರದಿಂದ ಸಾಧ್ಯವಾಗದೇ?

ಮುಂದಿನ ಮಳೆಗಾಲ ಹಿಡಿಯುವ ಮೊದಲು ಪ್ರತಿ ಊರಿನಿಂದ ಐವರು ಹಿರಿಯರ ಪಟ್ಟಿ ಮಾಡೋಣ. ಐವರಲ್ಲಿ ಇಬ್ಬರಾದರೂ ಹೆಂಗಸರಿರಲಿ, ಒಬ್ಬರಾದರೂ ಭೂಮಿಯಿಲ್ಲದವರಿರಲಿ. ಅತಿ ಹಿರಿಯರ ಮನೆಗೆ ಮೊದಲು ಹೋಗೋಣ. ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ತಮ್ಮ ಅಜ್ಜ, ಅಜ್ಜಿಯಿಂದಲೇ ಆರಂಭಿಸಲಿ. ಬರೆದಿಳಿಸಿದ ಪ್ರತಿಗೆ ಅವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ. ಅನುದಾನದ ಅರ್ಜಿಯನ್ನು ಆಮೇಲೂ ಬರೆಯಬಹುದು.