ಮೇಜಿನ ಸುತ್ತ ಕುಳಿತವರ ಮೇಲಣ ಅಪವಾದ

1979ರ ಆಗಸ್ಟ್ ತಿಂಗಳ ನಡುವಿನಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯದಿಂದ ಹದಿನಾರು ವರ್ಷದ ಬಾಲಕನೊಬ್ಬನು ಕಾಣೆಯಾದನು. ವಯಸ್ಸಿಗೆ ಮೀರಿದ ಮೇಧಾಶಕ್ತಿಯಿಂದ ತನಗಿಂತ ಹಿರಿಯರಾದ ಸಹಪಾಠಿಗಳ ನಡುವೆ ಬಂದು ನಿಂತಿದ್ದ, ಆದರೆ ಅವರ ನಡುವೆ ಒಂಟಿಯಾಗಿಯೇ ಉಳಿದಿದ್ದ ಆ ಹುಡುಗನನ್ನು ಹುಡುಕಿಸಲು ಮನೆಯವರು ಟೆಕ್ಸಾಸಿನಿಂದ ವಿಲಿಯಂ ಡಿಯರ್ ಎಂಬ ಖಾಸಗಿ ಪತ್ತೇದಾರನನ್ನು ಕರೆಸಿದರು. ಹುಡುಗನು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಆಡುತ್ತಿದ್ದನೆಂದು ತಿಳಿದೊಡನೆ, ವಿಶ್ವವಿದ್ಯಾನಿಲಯದ ನೆಲದಡಿಯಲ್ಲಿ ಹಬೆಯ ಕೊಳವೆಗಳು ಹಾದುಹೋಗುವ ಸುರಂಗಗಳಲ್ಲಿ ಆ ಆಟವನ್ನೇ ನಿಜವೆಂದು ಬಗೆದು ಆಡುತ್ತ ಅವನು ದಾರಿ ತಪ್ಪಿರಬಹುದೆಂದು ಪತ್ತೇದಾರನು ಊಹಿಸಿದನು. ಊಹೆ ಅವನದು, ಅದನ್ನು ವಾರ್ತೆಯಾಗಿಸಿ ದೇಶದ ಮೂಲೆಮೂಲೆಗೆ ಮುಟ್ಟಿಸಿದ ಹೊಣೆ ಪತ್ರಿಕೆಗಳದು. ಸುಮಾರು ಒಂದು ತಿಂಗಳ ತರುವಾಯ ಹುಡುಗನು ದೂರದ ಲೂಯಿಸಿಯಾನದಲ್ಲಿ ಪತ್ತೆಯಾದನು. ಆಟದ ಭ್ರಮೆಯಿಂದಲ್ಲ, ತಾಳಲಾರದ ಮನೋವ್ಯಥೆಯಿಂದ ಅವನು ಹೊರಟುಹೋಗಿದ್ದನೆಂಬುದನ್ನು ಅದೇ ಪತ್ತೇದಾರನು 1984ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿವರಿಸಿದನು. ಆ ವೇಳೆಗೆ ಹುಡುಗನು ಈ ಲೋಕವನ್ನು ಬಿಟ್ಟು ಹಲವು ವರ್ಷಗಳಾಗಿದ್ದವು. ಸುರಂಗದ ಕಥೆಯಾದರೋ ಜನಮನಸ್ಸಿನಲ್ಲಿ ಬೇರೂರಿಬಿಟ್ಟಿತ್ತು.

ಯಾವ ಆಟದ ಮೇಲೆ ಈ ಅಪವಾದವು ಬಿದ್ದಿತೋ ಅದರ ಸ್ವರೂಪವನ್ನು ಬಲ್ಲವರು ಅಂದಿನ ವರದಿಗಾರರಲ್ಲಿ ವಿರಳ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿ, ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಪ್ರಕಟಿಸಿದ ಈ ಆಟದಲ್ಲಿ ಸೋಲು ಗೆಲುವುಗಳೆಂಬುವು ಇಲ್ಲವೆಂದೇ ಹೇಳಬಹುದು. ಐದಾರು ಜನ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬೊಬ್ಬರ ಮುಂದೆಯೂ ಒಂದು ಹಾಳೆ, ಪೆನ್ಸಿಲು, ಅಳಿಸಿ ಅಳಿಸಿ ಸವೆದ ಒಂದು ರಬ್ಬರು. ಕಥೆಯನ್ನು ನಡೆಸುವವನು, ಹಗ್ಗದ ಸೇತುವೆಯೊಂದರ ಆಚೆಯ ತುದಿಯಲ್ಲಿ ಈಟಿ ಹಿಡಿದ ಕಾವಲುಗಾರನೊಬ್ಬನು ನಿಂತಿದ್ದಾನೆ, ನೀವೇನು ಮಾಡುವಿರಿ ಎಂದು ಕೇಳುತ್ತಾನೆ. ಕತ್ತಿಯ ವರಸೆಯಲ್ಲಿ ಬಲ್ಲಿದಳಾದ ಯೋಧೆಯ ಪಾತ್ರವನ್ನು ವಹಿಸಿರುವ ಹುಡುಗಿ ಕತ್ತಿಯನ್ನು ಹಿರಿಯದೆ, ಹಸಿದವನಂತೆ ಕಾಣುವ ಆತನಿಗೆ ನನ್ನ ಬುತ್ತಿಯನ್ನು ತೋರಿಸುತ್ತೇನೆ ಎನ್ನುತ್ತಾಳೆ. ಆತನ ಮನಸ್ಸು ಕರಗಬೇಕಾದರೆ ಹದಿನೈದು ಬೀಳಬೇಕೆಂದು ಕಥೆಯನ್ನು ನಡೆಸುವವನು ಗೊತ್ತುಮಾಡುತ್ತಾನೆ. ಇಪ್ಪತ್ತು ಮುಖಗಳ ದಾಳವು ಉರುಳಿ ಹನ್ನೊಂದು ಬೀಳುತ್ತದೆ. ಅವಳ ಹಾಳೆಯಲ್ಲಿ ಮಾತಿನ ಚಾತುರ್ಯಕ್ಕೆಂದು ಬರೆದಿರುವ ಮೂರನ್ನು ಕೂಡಿಸಿದರೆ ಹದಿನಾಲ್ಕು. ಒಂದರಿಂದ ತಪ್ಪಿತಲ್ಲಾ ಎಂದು ಮೇಜಿನ ಸುತ್ತಲಿನವರೆಲ್ಲರೂ ಹಲುಬುತ್ತಾರೆ, ನಗುತ್ತಾರೆ, ಮುಂದಿನವನು ಬೇರೊಂದು ಉಪಾಯವನ್ನು ಹೇಳುತ್ತಾನೆ. ಹೀಗೆ ಮೂರು ನಾಲ್ಕು ಗಂಟೆಗಳು ಕಳೆಯುತ್ತವೆ. ಭಯಾನಕವೆಂದು ಬಣ್ಣಿಸಲ್ಪಟ್ಟ ಆಟದ ಒಡಲಿನಲ್ಲಿರುವುದು ಇಷ್ಟೇ.

ಇಷ್ಟನ್ನು ಹತ್ತಿರ ಕುಳಿತು ನೋಡುವ ತಾಳ್ಮೆಯಿಲ್ಲದುದರಿಂದ ಊಹೆಯ ಮೇಲೆ ಊಹೆ ಬೆಳೆಯಿತು. 1981ರಲ್ಲಿ ರೋನಾ ಜಾಫೆ ಎಂಬ ಲೇಖಕಿ ಸುರಂಗದ ವದಂತಿಯ ಛಾಯೆಯಲ್ಲಿಯೇ ಒಂದು ಕಾದಂಬರಿಯನ್ನು ಬರೆದಳು; ಮರುವರ್ಷದ ಡಿಸೆಂಬರಿನಲ್ಲಿ ಸಿಬಿಎಸ್ ದೂರದರ್ಶನ ಸಂಸ್ಥೆಯು ಅದನ್ನು ಚಿತ್ರವಾಗಿ ಪ್ರಸಾರಮಾಡಿತು. ಮಾಯಾಲೋಕವನ್ನೇ ನಿಜವೆಂದು ಭ್ರಮಿಸಿ ಬುದ್ಧಿಭ್ರಂಶಕ್ಕೊಳಗಾಗುವ ಆಟಗಾರನ ಪಾತ್ರದಲ್ಲಿ ಇನ್ನೂ ಪ್ರಸಿದ್ಧಿಗೆ ಬಾರದಿದ್ದ ಟಾಮ್ ಹ್ಯಾಂಕ್ಸ್ ಅಭಿನಯಿಸಿದನು. ಅದೇ 1982ರಲ್ಲಿ ವರ್ಜೀನಿಯಾದ ಪೆಟ್ರೀಷಿಯಾ ಪುಲ್ಲಿಂಗ್ ಎಂಬ ತಾಯಿಯು ತನ್ನ ಮಗನನ್ನು ಕಳೆದುಕೊಂಡಳು; ಆಟದ ಶಾಪವೇ ಅವನನ್ನು ಕೊಂದಿತೆಂದು ನಂಬಿ, ಮುಂದಿನ ವರ್ಷ ಆ ಆಟದ ವಿರುದ್ಧ ಒಂದು ಸಂಘಟನೆಯನ್ನೇ ಕಟ್ಟಿದಳು. ಮಗನ ಸಾವಿಗೆ ಒಂದು ಕಾರಣವು ಬೇಕೆಂದು ಹಂಬಲಿಸುವ ತಾಯಿಯ ಕುರಿತು ಕಠಿಣವಾಗಿ ಆಡಲು ನನಗೆ ಮನಸ್ಸಾಗದು. ಆದರೆ ರಿಚ್ಮಂಡ್ ಪ್ರದೇಶದ ಜನರಲ್ಲಿ ಶೇಕಡ 8ರಷ್ಟು ಮಂದಿ ಸೈತಾನನ ಉಪಾಸಕರೆಂದು ಆಕೆ ಹೇಳಿದಾಗ, ಹದಿಹರೆಯದವರಲ್ಲಿ ಶೇಕಡ 4, ವಯಸ್ಕರಲ್ಲಿ ಶೇಕಡ 4 ಎಂಬ ಎರಡು ಅಂದಾಜುಗಳನ್ನು ಕೂಡಿಸಿ ಆ ಎಂಟನ್ನು ಪಡೆದದ್ದೆಂಬುದನ್ನು ವಿಚಾರಿಸಿ ತಿಳಿಯುವುದು ಪತ್ರಿಕಾವೃತ್ತಿಯ ಪ್ರಥಮ ಕರ್ತವ್ಯವಾಗಿತ್ತು. ಶಾಲೆಯ ಮಗುವೂ ಹಿಡಿಯಬಲ್ಲ ಲೆಕ್ಕದ ದೋಷವದು. ಅದನ್ನು ಹಿಡಿಯುವವರು ತೀರ ಕೆಲವರಾದರು. ಮಿಕ್ಕವರು ಆಕೆಯನ್ನು ಪರಿಣತೆಯೆಂದು ವೇದಿಕೆಗೆ ಕರೆದರು. 1985ರಲ್ಲಿ '60 ಮಿನಿಟ್ಸ್' ಎಂಬ ಪ್ರತಿಷ್ಠಿತ ಕಾರ್ಯಕ್ರಮವು ಆಟದ ಕರ್ತೃ ಗೈಗ್ಯಾಕ್ಸನನ್ನು ಆಪಾದಿತನೋ ಎಂಬಂತೆ ಪ್ರಶ್ನಿಸಿತು. ಆ ಕಾರ್ಯಕ್ರಮವೂ ಸಿಬಿಎಸ್ ಸಂಸ್ಥೆಯದೇ. ಇದೇ ಆಟದ ಹೆಸರಿನ ಮಕ್ಕಳ ಕಾರ್ಟೂನನ್ನು 1983ರಿಂದ 1985ರವರೆಗೆ ಶನಿವಾರ ಬೆಳಗ್ಗೆ ಪ್ರಸಾರಮಾಡುತ್ತಿದ್ದುದೂ ಅದೇ ಸಂಸ್ಥೆ. ಇದನ್ನು ಎಷ್ಟು ಜನ ವೀಕ್ಷಕರು ಗಮನಿಸಿದರೋ!

ಆಟದ ಕಡೆಯವರು ಈ ಅಪವಾದಕ್ಕೆ ಕೊಟ್ಟ ಉತ್ತರಗಳೆಲ್ಲವೂ ಸಮಾನವಾದ ಗೌರವಕ್ಕೆ ಪಾತ್ರವಲ್ಲ. 1989ರಲ್ಲಿ ಆಟದ ಎರಡನೆಯ ಆವೃತ್ತಿಯು ಬಂದಾಗ ಪ್ರಕಾಶಕರು 'ಡೆಮನ್', 'ಡೆವಿಲ್' ಎಂಬ ಹೆಸರುಗಳನ್ನು ಕೈಬಿಟ್ಟು, ಮುಂದೆ ಅದೇ ಜೀವಿಗಳನ್ನು ಯಾರಿಗೂ ಅರ್ಥವಾಗದ ಹೊಸ ಹೆಸರುಗಳಿಂದ ಕರೆದರು. ವ್ಯಾಪಾರಿಯ ಭಯವು ನನಗೆ ಅರ್ಥವಾಗುತ್ತದೆ. ಆದರೂ ಸುಳ್ಳಾದ ಆಪಾದನೆಗೆ ತಲೆಬಾಗಿ ಹೆಸರು ಬದಲಿಸುವುದು ಆಪಾದನೆಯಲ್ಲಿ ಹುರುಳಿದೆಯೆಂದು ಒಪ್ಪಿದಂತೆಯೇ ಆಯಿತು. ಇದಕ್ಕಿಂತ ಮಿಗಿಲಾದ ಉತ್ತರವನ್ನು ಕೊಟ್ಟವನು ಮೈಕೇಲ್ ಸ್ಟ್ಯಾಕ್‌ಪೋಲ್ ಎಂಬ ಆಟಗಳ ರಚನಕಾರ ಮತ್ತು ಕಾದಂಬರಿಕಾರ. 1990ರಲ್ಲಿ ಆತನು ಬರೆದ ವರದಿಯು ಪುಲ್ಲಿಂಗಳ ಹೇಳಿಕೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಮೂಲವನ್ನು ಹುಡುಕಿ, ಲೆಕ್ಕವನ್ನು ಮತ್ತೆ ಹಾಕಿತು. ಇಷ್ಟೊಂದು ಲಕ್ಷ ಯುವಜನರು ಆಡುವ ಆಟವೊಂದರಲ್ಲಿ, ದೇಶದ ಸಾಮಾನ್ಯ ಪ್ರಮಾಣದಂತೆ ಎಣಿಸಿದರೂ, ಸಂಭವಿಸಬಹುದಾದ ದುರ್ಮರಣಗಳ ಸಂಖ್ಯೆಯು ಆಪಾದಕರು ಪಟ್ಟಿಮಾಡಿದ್ದಕ್ಕಿಂತ ಅದೆಷ್ಟೋ ಪಾಲು ಹೆಚ್ಚಾಗಬೇಕಾಗಿತ್ತೆಂಬ ಸರಳ ಸತ್ಯವು ಆ ಚರ್ಚೆಯಿಂದ ಬೆಳಕಿಗೆ ಬಂದಿತು. ಪತ್ರಿಕೆಗಳು ಮಾಡಬೇಕಾದ ಕೆಲಸವನ್ನು ಆಟಗಾರನೊಬ್ಬನು ತನ್ನ ಬಿಡುವಿನಲ್ಲಿ ಮಾಡಬೇಕಾಯಿತು.

ಸೈತಾನನ ಮಾತು ಕಾಲಕ್ರಮದಲ್ಲಿ ಅಡಗಿತು. ಅದರ ಸ್ಥಾನದಲ್ಲಿ ನಿಂತದ್ದು ಪರಿಹಾಸ: ದಪ್ಪ ಕನ್ನಡಕದ, ಹೆಣ್ಣಿನೊಡನೆ ಮಾತನಾಡಲರಿಯದ, ತಾಯಿಯ ಮನೆಯ ನೆಲಮಾಳಿಗೆಯಲ್ಲಿ ದಾಳ ಉರುಳಿಸುತ್ತ ಮುಪ್ಪಾಗುವ ಗಂಡಸಿನ ಚಿತ್ರ. ಎಷ್ಟೋ ದೂರದರ್ಶನದ ಹಾಸ್ಯಪ್ರಸಂಗಗಳಲ್ಲಿ ಅವನು ಬಂದು ಹೋದನು. ನಿಂದೆಯನ್ನು ಪ್ರಮಾಣಗಳಿಂದ ಖಂಡಿಸಬಹುದು, ನಗೆಯನ್ನು ಖಂಡಿಸುವುದೆಂತು? ಇದಕ್ಕೆ ಇಂದಿನ ಆಟಗಾರರು ಕಂಡುಕೊಂಡಿರುವ ಮಾರ್ಗವೆಂದರೆ ತಮ್ಮ ಮೇಜನ್ನೇ ಲೋಕದ ಕಣ್ಣಿಗೆ ತೆರೆದಿಟ್ಟಿರುವುದು. 2015ರಲ್ಲಿ 'ಕ್ರಿಟಿಕಲ್ ರೋಲ್' ಎಂಬ ಹೆಸರಿನಲ್ಲಿ ಧ್ವನಿನಟರ ಗುಂಪೊಂದು ತಮ್ಮ ಆಟವನ್ನು ಅಂತರಜಾಲದಲ್ಲಿ ನೇರವಾಗಿ ತೋರಿಸತೊಡಗಿ, 2019ರಲ್ಲಿ ಅದರ ಕಥೆಯನ್ನು ಚಿತ್ರರೂಪಕ್ಕೆ ತರಲು ಅಭಿಮಾನಿಗಳಿಂದ 1.1 ಕೋಟಿ ಡಾಲರಿಗೂ ಮಿಗಿಲಾದ ಹಣವನ್ನು ಪಡೆಯಿತು. ಈ ಮಾರ್ಗವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಮೆಚ್ಚಲಾರದ ಮಾತೊಂದು ಅದರ ಜೊತೆಯಲ್ಲಿಯೇ ಕೇಳಿಬರುತ್ತಿದೆ. ನಾವು ಅಂಥವರಲ್ಲ, ನಮ್ಮಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ಸಿನಿಮಾ ನಟರಿದ್ದಾರೆ, ಮದುವೆಯಾಗಿ ಮಕ್ಕಳನ್ನು ಪಡೆದವರಿದ್ದಾರೆ ಎಂದು ಹಲವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಹೇಳುವುದು ನಿಜವೇ. ಆದರೆ 'ಅಂಥವರು' ಎಂದರೆ ಯಾರು? ಗುಂಪಿನಲ್ಲಿ ಬಾಯಿ ಬಾರದವನು, ಆಟದ ಬಯಲಿನಲ್ಲಿ ಯಾವ ಪಕ್ಷದವರೂ ಆರಿಸಿಕೊಳ್ಳದವನು, ಓದಿನಲ್ಲಿ ಮುಂದಿದ್ದು ಬದುಕಿನಲ್ಲಿ ಜೊತೆಯಿಲ್ಲದವನು. ಮಿಷಿಗನ್ನಿನ ಆ ಹದಿನಾರರ ಬಾಲಕನೂ ಇಂಥವರಲ್ಲಿ ಒಬ್ಬನಾಗಿದ್ದನು. ಈ ಮೇಜು ಹತ್ತಾರು ವರ್ಷ ಕುರ್ಚಿ ಎಳೆದು ಕೂರಿಸಿದ್ದು ಇಂಥವರನ್ನೇ. ವಾರಕ್ಕೊಮ್ಮೆ ನಾಲ್ಕು ಜನ ತನ್ನ ಮಾತಿಗಾಗಿ ಕಾಯುತ್ತಾರೆ, ತಾನು ಬಾರದಿದ್ದರೆ ಕಥೆ ಮುಂದುವರಿಯದು ಎಂಬ ಅರಿವು ಸಂಕೋಚದ ಹುಡುಗನೊಬ್ಬನಿಗೆ ಎಷ್ಟು ದೊಡ್ಡ ಆಸರೆಯೆಂಬುದನ್ನು ಆಡಿದವರೇ ಬಲ್ಲರು. ಲೋಕದ ಮರ್ಯಾದೆಯನ್ನು ಸಂಪಾದಿಸುವ ಅವಸರದಲ್ಲಿ ಅವನನ್ನು ನಮ್ಮವನಲ್ಲವೆಂದು ಹೊರಗಿಟ್ಟರೆ, ಪರಿಹಾಸಮಾಡಿದವರ ಅಳತೆಗೋಲನ್ನೇ ನಾವು ಒಪ್ಪಿದ ಹಾಗಾಯಿತು. ಅವನು ಒಂಟಿ, ಅವನಿಗೆ ನುಡಿ ತಡವರಿಸುತ್ತದೆ, ಅವನು ನಮ್ಮವನೇ, ಅದರಲ್ಲಿ ನಗುವಂಥದೇನಿದೆ ಎಂದು ಕೇಳುವ ಎದೆಗಾರಿಕೆ ಬರಬೇಕು.

ಪಾತ್ರವನ್ನು ವಹಿಸಿದವನು ಪಾತ್ರವೇ ಆಗಿಬಿಡುತ್ತಾನೆಂಬ ಭಯವು ಕನ್ನಡಿಗರಿಗೆ ಅಷ್ಟಾಗಿ ತಟ್ಟಬೇಕಾದ್ದಲ್ಲ. ಕರಾವಳಿ ಮಲೆನಾಡುಗಳ ತಾಳಮದ್ದಳೆಯಲ್ಲಿ ವೇಷಭೂಷಣಗಳಾವುವೂ ಇಲ್ಲದೆ, ಬಿಳಿಯ ಪಂಚೆಯುಟ್ಟು ಕುಳಿತ ಅರ್ಥಧಾರಿಯು ಆಗಲೇ ಹೊಳೆದ ಮಾತುಗಳಿಂದ ವಾಲಿಯಾಗಿ ರಾಮನನ್ನು ಕಟಕಟೆಗೆ ಹತ್ತಿಸುತ್ತಾನೆ, ಕೌರವನಾಗಿ ಕೃಷ್ಣನ ಸಂಧಾನವನ್ನು ಮುರಿಯುತ್ತಾನೆ. ಪ್ರಸಂಗ ಮುಗಿದೊಡನೆ ಎದುರಾಳಿಯ ಪಕ್ಕದಲ್ಲಿಯೇ ಊಟಕ್ಕೆ ಕೂರುತ್ತಾನೆ. ಅಧರ್ಮವನ್ನು ಅಷ್ಟು ಸಮರ್ಥವಾಗಿ ವಾದಿಸಿದನೆಂದು ಅವನ ಬುದ್ಧಿಸ್ವಾಸ್ಥ್ಯವನ್ನು ಶಂಕಿಸಿದವರನ್ನು ನಾನು ಕಾಣೆ.

ಆದರೂ ಅಮೆರಿಕದ ಪತ್ರಿಕೆಗಳು ನಾಲ್ಕು ದಶಕಗಳ ಹಿಂದೆ ಹಿಡಿದ ಹಾದಿಯನ್ನು ನಮ್ಮವೂ ಹಿಡಿದುದುಂಟು. 2017ರಲ್ಲಿ 'ಬ್ಲೂ ವೇಲ್' ಎಂಬ ಹೆಸರು ದೇಶದ ವಾಹಿನಿಗಳಲ್ಲಿ ಹಗಲಿರುಳು ಮೊಳಗಿತು. ಎಲ್ಲಿಯಾದರೂ ಒಂದು ಎಳೆಯ ಜೀವ ಅಕಾಲದಲ್ಲಿ ನಂದಿದರೆ, ಆ ಮಗುವಿನ ಕಷ್ಟವೇನಿತ್ತೆಂದು ವಿಚಾರಿಸುವುದಕ್ಕೆ ಮುಂಚೆಯೇ ಮೊಬೈಲಿನ ಆಟದ ಹೆಸರು ಪರದೆಯ ಮೇಲೆ ಮೂಡುತ್ತಿತ್ತು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರವು, ಅಂಥ ಪ್ರಕರಣಗಳನ್ನು ಪರಿಶೀಲಿಸಿದ ಸಮಿತಿಗೆ ಆ ಆಟದ ಪಾತ್ರವು ಯಾವುದರಲ್ಲಿಯೂ ಸಿದ್ಧವಾಗಲಿಲ್ಲವೆಂದು ಲೋಕಸಭೆಗೆ ತಿಳಿಸಿತು. ಹಿಂದಿನ ವರ್ಷ ಆ ಹೆಸರು ಮೊಳಗಿದ ಪ್ರಮಾಣದಲ್ಲಿ ಈ ಉತ್ತರವು ಮೊಳಗಿದುದನ್ನು ನಾನು ಕೇಳಲಿಲ್ಲ.

ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ ವಾರಾಂತ್ಯದ ಸಂಜೆಗಳಲ್ಲಿ ಈಗ ಇಪ್ಪತ್ತು ಮುಖಗಳ ದಾಳಗಳು ಉರುಳುತ್ತಿವೆ. ಆ ಎಳೆಯರ ವಿಷಯವಾಗಿ ನಾಳೆ ಯಾವುದಾದರೊಂದು ವದಂತಿ ಹುಟ್ಟಿದರೆ, ಅದನ್ನು ಅಚ್ಚಿಗೆ ಕಳುಹಿಸುವ ಮುನ್ನ ಸಂಪಾದಕರು ಒಬ್ಬ ವರದಿಗಾರನನ್ನು ಅಲ್ಲಿಗೆ ಕಳುಹಿಸಿ, ಆಟವು ಮೊದಲಿನಿಂದ ಕಡೆಯವರೆಗೆ ನಡೆಯುವಷ್ಟು ಹೊತ್ತು ಅವರೊಡನೆ ಕೂರಿಸಲಿ. ಸಾಧ್ಯವಾದರೆ ಅವನ ಕೈಗೂ ಒಂದು ಹಾಳೆ, ಒಂದು ಪೆನ್ಸಿಲನ್ನು ಕೊಡಿಸಲಿ. ವದಂತಿಯು ಸುಳ್ಳಾಗಿದ್ದು ಅದಾಗಲೇ ಪ್ರಕಟವಾಗಿಬಿಟ್ಟಿದ್ದರೆ, ಆಪಾದನೆಯು ಯಾವ ಪುಟದಲ್ಲಿ, ಎಷ್ಟು ದಪ್ಪ ಅಕ್ಷರಗಳಲ್ಲಿ ಬಂದಿತ್ತೋ ತಿದ್ದುಪಡಿಯೂ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರಗಳಲ್ಲಿ ಬರಲಿ.